ಮೇಲಕ್ಕೊಂದು ಬುಟ್ಟಿ ಮಣ್ಣು

ಪಾರವ್ವನ ಇಳಿಜಾರು ಮಾಡಿದ ತಪ್ಪು ಒಂದೇ: ಅದು ಹಸಿರಾಗಿತ್ತು.

ಪುಣೆ ಬಳಿಯ ರಾಂಜಣಗಾಂವದ ಕಾರ್ಖಾನೆಗಳ ಬೆನ್ನಿಗೆ, ಚಿಮಣಿಯ ಹೊಗೆ ಬಂದು ದಣಿದು ಕೂರುವಷ್ಟು ದೂರದಲ್ಲಿ, ಒಂದು ಗುಡ್ಡವಿದೆ. ಗುಡ್ಡದ ಸುತ್ತಲಿನದೆಲ್ಲ ಊರ ಗಾಯರಾನ, ಅಂದರೆ ದನ ಮೇಯಲೆಂದು ಹಿಂದಿನವರು ಬಿಟ್ಟ ಪಂಚಾಯತಿಯ ನೆಲ. ಅದರ ಮೂಡಲ ಮಗ್ಗುಲಿನ ಏಳು ಎಕರೆ ಸರ್ಕಾರಿ ಕಾಗದದಲ್ಲಿ ಇವತ್ತಿಗೂ ಪಾಳು ಬಿದ್ದ ಭೂಮಿ. ಕಾಗದಕ್ಕೆ ಕಣ್ಣಿಲ್ಲ. ಕಣ್ಣಿದ್ದವರು ಹೋಗಿ ನೋಡಿದರೆ ಇಳಿಜಾರಿಗೆ ಅಡ್ಡಲಾಗಿ ಹತ್ತೊಂಬತ್ತು ಒಡ್ಡು, ಒಡ್ಡಿನ ಮೇಲೆ ಬೇವು, ಹೊಂಗೆ, ಹುಣಸೆ, ಬೋರೆ, ಸೀತಾಫಲ. ಎರಡು ಒಡ್ಡಿನ ನಡುವೆ ಮಳೆಗಾಲಕ್ಕೆ ಸಜ್ಜೆ, ತೊಗರಿ, ಹುರುಳಿ. ಉಳಿದಲ್ಲೆಲ್ಲ ಹುಲ್ಲು. ಬೇಸಿಗೆಯಲ್ಲಿ ಆ ಒಣಹುಲ್ಲೇ ನೆಲಕ್ಕೆ ಕೌದಿ ಹೊದಿಸಿದಂತೆ ಬಿದ್ದಿರುತ್ತದೆ.

ಹನ್ನೊಂದು ವರ್ಷದ ಹಿಂದೆ ಇದು ಬರೀ ಕಲ್ಲು. ಮಳೆ ಬಂದರೆ ಕೆಂಪು ನೀರು ಗುಡ್ಡ ಬಿಟ್ಟು ಓಡುತ್ತಿತ್ತು. ಗುಡ್ಡದ ಮಣ್ಣೆಲ್ಲ ಕೆಳಗಿನ ಕೆರೆಗೆ, ಕೆರೆಯ ತುಂಬ ಹೂಳು, ಊರಿಗೆ ಟ್ಯಾಂಕರು. ಪಾರವ್ವ ಆಗಷ್ಟೇ ಈ ಊರಿಗೆ ಬಂದಿದ್ದಳು. ಇಂಡಿ ತಾಲೂಕಿನ ಕಡೆಯ ಕನ್ನಡದವಳು. ಗಂಡ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತರೆ, ಇವಳು ಇಪ್ಪತ್ತು ವರ್ಷ ಸೋಲಾಪುರ ರಸ್ತೆಯ ನರ್ಸರಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿದ್ದಳು. ಯಾರದೋ ಹೊಲದ ಮೇಲ್ಮಣ್ಣು ಕೆರೆದು ತರುವುದು, ಅದರಲ್ಲಿ ಗಿಡ ಬೆಳೆಸುವುದು, ಆ ಗಿಡ ಪುಣೆಯ ಬಂಗಲೆಗಳ ಅಂಗಳಕ್ಕೆ ಹೋಗಿ ನಾಯಿಯ ಉಚ್ಚೆಗೆ ಸಾಯುವುದು. ಇಪ್ಪತ್ತು ವರ್ಷ ಈ ಘನಕಾರ್ಯ ಮಾಡಿದ ಮೇಲೆ ಮಣ್ಣಿನ ಬಗ್ಗೆ ಅವಳಿಗೆ ಒಂದು ಹಟ ಹುಟ್ಟಿತ್ತು. ಊರಿನ ಕೃಷ್ಣಾಬಾಯಿ ಎಂಬ ಮರಾಠಿ ಮುದುಕಿ, ಅವಳ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹದಿನೇಳು ಹೆಂಗಸರು, ಅವರ ಜೊತೆ ಪಾರವ್ವ, ಎಲ್ಲ ಸೇರಿ ಈ ನೆಲ ಕೇಳಿದರು. ಪಂಚಾಯತಿಯವರು ನಕ್ಕು, ಕಲ್ಲಿನ ಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಅಂದಿದ್ದರು.

ಹೆಂಗಸರು ಒಂದು ಪದ್ಧತಿ ಹಾಕಿಕೊಂಡರು. ಇಳಿಜಾರಿನಿಂದ ಏನನ್ನಾದರೂ ಒಯ್ಯುವವರು, ಅದು ಹುಲ್ಲಾಗಲಿ, ಸೌದೆಯಾಗಲಿ, ಒಂದು ಸೀತಾಫಲವಾಗಲಿ, ಮೊದಲು ಕೆಳಗಿನ ಗುಂಡಿಯಲ್ಲಿ ಇಳಿದು ನಿಂತ ಮಣ್ಣನ್ನು ಒಂದು ಬುಟ್ಟಿ ತುಂಬಿ ನೆತ್ತಿಯ ಒಡ್ಡಿಗೆ ಹೊತ್ತು ಹಾಕಬೇಕು. ಮಳೆ ಕೆಳಗೆ ತಂದದ್ದನ್ನು ಹೆಂಗಸರ ತಲೆ ಮೇಲಕ್ಕೆ ಒಯ್ಯಬೇಕು. ಯಾರಿಗೂ ವಿನಾಯಿತಿ ಇಲ್ಲ. ಬಸುರಿಯ ಬುಟ್ಟಿಯನ್ನು ಅವಳ ಗಂಡ ಹೊತ್ತ ಉದಾಹರಣೆ ಉಂಟು. ಸರಪಂಚನ ಹೆಂಡತಿ ಒಮ್ಮೆ ಆಳನ್ನು ಕಳಿಸಿ ಹುಲ್ಲು ತರಿಸಿದ್ದಕ್ಕೆ ಕೃಷ್ಣಾಬಾಯಿ ಆ ಹುಲ್ಲನ್ನು ವಾಪಸು ತರಿಸಿ, ಅವಳನ್ನೇ ಕರೆಸಿ, ಬುಟ್ಟಿ ಹೊರಿಸಿದ್ದಳು. ಹನ್ನೊಂದು ವರ್ಷ ಹೀಗೆ ಹೊತ್ತದ್ದರಿಂದ ಕಲ್ಲಿನ ಮೇಲೆ ಮೊಳದಷ್ಟು ಮಣ್ಣು ಕೂತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿಗೆ ಈರಬಸಪ್ಪನವರ ಬಿಳಿ ಕಾರು ಬಂತು.

ಈರಬಸಪ್ಪನವರೂ ಇಂಡಿಯ ಕಡೆಯವರೇ. ಅವರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಪೆಂಟೆ ಹೊತ್ತ ಹಮಾಲ. ಈ ಮಾತನ್ನು ಅವರು ಪ್ರತಿ ಭಾಷಣದಲ್ಲೂ ಹೇಳುತ್ತಾರೆ, ಹೇಳುವಾಗ ಕರವಸ್ತ್ರ ತೆಗೆಯುತ್ತಾರೆ. ಅಪ್ಪ ಚೀಲ ಹೊತ್ತ; ಮಗ ಗುಡ್ಡವನ್ನೇ ಹೊತ್ತ. ಇದೇ ಗುಡ್ಡದ ಪಡುವಲ ಮಗ್ಗುಲನ್ನು ಎಂಟು ವರ್ಷ ಅಗೆದು, ಲಾರಿ ಲಾರಿ ಮುರುಮು ಎಂಬ ಗರಸುಮಣ್ಣು ತೆಗೆದು, ಕಾರ್ಖಾನೆಗಳ ಅಂಗಳಕ್ಕೆ ಹಾಸಿದವರು ಅವರು. ತೆಗೆಯಲು ಏನೂ ಉಳಿಯದಿದ್ದಾಗ ಅವರಿಗೆ ಭೂಮಿತಾಯಿಯ ನೆನಪಾಯಿತು. ಪುಣೆ ಬಳಿಯ ನಿಗಡಿಯಲ್ಲಿ ಒಂದು ಹಸಿರು ಪ್ರತಿಷ್ಠಾನ ತೆರೆದು, ಅದಕ್ಕೆ ಅಧ್ಯಕ್ಷರಾಗಿ, ಎದೆಗೆ ಎಲೆಯ ಬಿಲ್ಲೆ ಚುಚ್ಚಿಕೊಂಡರು. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆ ಮಾಡಿದವರು ಇಂಥ ಒಬ್ಬರನ್ನು ಹತ್ತಿರದಿಂದ ನೋಡಿರಬೇಕು.

“ಪಾರವ್ವ, ಭಾಳ ಚಲೋ ಮಾಡೀದಿ ಬಿಡು,” ಅಂದರು ಈರಬಸಪ್ಪ. “ನಮ್ಮ ಕಡೀ ಹೆಣ್ಣಮಗಳು ಇಲ್ಲಿ ಬಂದು ಇಷ್ಟು ಮಾಡ್ಯಾಳಂದ್ರ ನನಗ ಎದಿ ಉಬ್ಬತದ.”

“ಎದಿ ಆಮ್ಯಾಲ ಉಬ್ಬಸ್ರಿ ಸಾವ್ಕಾರ್ರ. ಬೂಟು ಸಸಿ ಮ್ಯಾಲ ಅದ.”

ಅವರು ಕಾಲು ತೆಗೆದರು. ತೆಗೆದು ಇನ್ನೊಂದು ಸಸಿಯ ಮೇಲಿಟ್ಟರು.

“ಒಂದು ಸಣ್ಣ ಕೆಲಸ ಅದ. ಸೋಮವಾರ ಜೆಸಿಬಿ ಬರತದ. ಇದನ್ನ ಒಮ್ಮೆ ಬೋಳು ಮಾಡಿ ಫೋಟೋ ತಗೊಂಡು, ಮಳಿ ಬಿದ್ದ ಕೂಡಲೆ ಹತ್ತು ಸಾವಿರ ಗಿಡ ಹಚ್ಚತೀವಿ.”

ಪಾರವ್ವ ಕುಡುಗೋಲು ಕೆಳಗಿಟ್ಟಳು. “ಇದ್ದ ಗಿಡ ಕಿತ್ತು ಗಿಡ ಹಚ್ಚತೀರಿ.”

“ಹೌದು.”

“ಹಲ್ಲು ಕಿತ್ತು ಹಲ್ಲು ಕೂಡಸ್ದಂಗ.”

“ನಿನಗ ತಿಳಿಯೂದಿಲ್ಲವಾ. ಇವು ಎಣಿಕ್ಯಾಗ ಬರೂದಿಲ್ಲ. ಯಾರು ಹಚ್ಚಿದ್ರು, ಯಾವಾಗ ಹಚ್ಚಿದ್ರು, ಏನರ ದಾಖಲಾತಿ ಅದ ಏನು?”

“ಹಚ್ಚಿದಾಕಿ ನಿಮ್ಮ ಎದುರಿಗೆ ನಿಂತಾಳಲ್ರಿ.”

“ನೀ ದಾಖಲಾತಿ ಅಲ್ಲ ತಂಗಿ,” ಅಂದರು ಈರಬಸಪ್ಪ, ಕನಿಕರದಿಂದ.

ಸಂಗತಿ ಇಷ್ಟೇ. ಹೊರದೇಶದ ದೊಡ್ಡ ಕಂಪನಿಗಳು ಅಲ್ಲಿ ಹೊಗೆ ಬಿಡುತ್ತವೆ, ಇಲ್ಲಿ ಗಿಡ ನೆಟ್ಟವರಿಂದ ಪುಣ್ಯ ಕೊಳ್ಳುತ್ತವೆ. ಪುಣ್ಯಕ್ಕೂ ಪುರಾವೆ ಬೇಕು. ಮೊದಲಿನದೊಂದು ಫೋಟೋ, ಆಮೇಲಿನದೊಂದು ಫೋಟೋ. ಮೊದಲಿನದರಲ್ಲಿ ನೆಲ ಬೋಳಾಗಿರಬೇಕು. ಮೊದಲೇ ಹಸಿರಾಗಿದ್ದರೆ ಹಸಿರು ಮಾಡಿದವರು ನೀವು ಹೇಗಾದೀರಿ ಎಂದು ಅಲ್ಲಿನ ಕಂಪ್ಯೂಟರು ಕೇಳುತ್ತದೆ. ಕಂಪ್ಯೂಟರಿಗಿರುವ ಈ ನಾಚಿಕೆ ಮನುಷ್ಯರಿಗಿಲ್ಲದ್ದರಿಂದ, ಅವರು ಜೆಸಿಬಿ ತರಿಸುತ್ತಾರೆ.

“ಗುಡ್ಡದ ತುಂಬ ಬೋಳು ನೆಲ ಬಿದ್ದದಲ್ರಿ. ಇದೇ ಯಾಕ ಬೇಕು?”

“ಅಲ್ಲಿ ಹಚ್ಚಿದ್ರ ಬದಕೂದಿಲ್ಲ. ಇಲ್ಲಿ ಮಣ್ಣದ.”

ಇದನ್ನು ಹೇಳುವಾಗ ಆ ಮನುಷ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗಾಯರಾನದ ಏಳು ಎಕರೆಯನ್ನು ಮೂವತ್ತು ವರ್ಷ ಗುತ್ತಿಗೆ ಕೊಟ್ಟು ಸರಪಂಚ ಸಹಿ ಮಾಡಿ ಆಗಿದೆ, ಗಿಡ ನೆಟ್ಟ ಮೇಲೆ ಬೇಲಿ ಬರುತ್ತದೆ, ಆಮೇಲೆ ಕುಡುಗೋಲು ಹಿಡಿದ ಹೆಂಗಸರು ಒಳಗೆ ಕಾಲಿಡುವಂತಿಲ್ಲ ಎಂಬುದನ್ನೂ ಅದೇ ಮುಖದಲ್ಲಿ ಹೇಳಿದರು. ಯಾವ ಏಳು ಎಕರೆ ಎಂದು ಶನಿವಾರ ಒಬ್ಬ ಇಂಜಿನಿಯರ್ ಬಂದು ಫೋನಿನಲ್ಲಿ ಗೆರೆ ಹಾಕುತ್ತಾನೆ. “ಕನ್ನಡದ ಹುಡುಗನ ಇದ್ದಾನ. ನೀನ ತೋರಸು ಅವಗ.” ಮೂವತ್ತು ವರ್ಷ ಕೂಲಿಯವರಿಗೆ ಅಪ್ಪಣೆ ಕೊಟ್ಟು ರೂಢಿಯಾದ ಬಾಯಿ ಅದು. ತಾನು ಹೇಳಿದ ಮೇಲೆ ಆದಂತೆಯೇ ಎಂದು ತಿಳಿದಿತ್ತು. ಬಿಸಿಲು ಜಾಸ್ತಿಯಾಯಿತೆಂದು ಈರಬಸಪ್ಪ ಕಾರು ಹತ್ತಿದರು. ಅವರ ಡ್ರೈವರ್ ರಿತೇಶ್ ಮಾತ್ರ, ಆ ಊರಿನ ಪಕ್ಕದವನೇ, ಹೊರಡುವಾಗ ಮಗುಚಿದ ಸಸಿಯನ್ನು ಬೆರಳಿನಿಂದ ನೆಟ್ಟಗೆ ಮಾಡಿ ಹೋದ.

ಸಂಜೆ ಬೇವಿನ ಕೆಳಗೆ ಹೆಂಗಸರು ಕೂಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೃಷ್ಣಾಬಾಯಿ ತಂಬಾಕು ತಿಕ್ಕುತ್ತ ಮರಾಠಿಯಲ್ಲಿ ಕೇಳಿದಳು, “ಕಾಯ್ ಗ ಪಾರೂ, ಜೆಸಿಬಿ ಮುಂದೆ ಮಲಗೋಣವೇ? ನನಗಂತೂ ಎಪ್ಪತ್ತಾಯಿತು. ಎಲ್ಲಿ ಮಲಗಿದರೇನು.”

“ಮಲಗಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ ಅಕ್ಕಾ. ನೀನು ಹಗುರ ಬೇರೆ,” ಅಂದಳು ಪಾರವ್ವ. ಆಮೇಲೆ ಪಡುವಲ ಕಡೆ ತಿರುಗಿದಳು. “ಅವರಿಗೆ ಬೇಕಾದ್ದು ಬೋಳು ನೆಲ. ಅಷ್ಟೇ ತಾನೆ?”

ಶನಿವಾರ ಆ ಇಂಜಿನಿಯರ್ ಪುನೀತ ಬಂದ. ಮಂಡ್ಯದ ಕಡೆಯವನು, ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವಾರಕ್ಕೆ ಐದು ದಿನ ಯಾರದೋ ವಿಮೆಯ ಲೆಕ್ಕಾಚಾರಕ್ಕೆ ತಲೆ ಕೊಟ್ಟು, ಆರನೆಯ ದಿನ ಭೂಮಿಯನ್ನು ಉಳಿಸುತ್ತಿದ್ದ. ಟೋಪಿ, ಕಪ್ಪು ಕನ್ನಡಕ, ಬೆನ್ನಿಗೆ ಡ್ರೋನಿನ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ.

“ಆಂಟಿ, ನೀವು ಕನ್ನಡದವ್ರಂತೆ. ಸದ್ಯ ಬದುಕ್ದೆ. ನಂಗೆ ಮರಾಠಿ ಒಂಚೂರೂ ಬರಲ್ಲ.”

“ಎಷ್ಟು ವರ್ಷ ಆತಪಾ ಪುಣೆಗೆ ಬಂದು?”

“ಆರು.”

“ಆರು ವರ್ಷದಾಗ ಎಮ್ಮಿ ಸುದ್ದಾ ಮನಿ ಭಾಷಾ ಕಲೀತದ,” ಅಂದಳು ಪಾರವ್ವ. ಅವನು ನಕ್ಕ; ತಮಾಷೆ ಎಂದುಕೊಂಡಿರಬೇಕು. “ಹೇಳು, ನಿನ್ನ ಫೋನಿಗೆ ಎಂಥಾ ನೆಲ ಬೇಕು?”

“ಗಾಯರಾನ್ ಆಗಿರ್ಬೇಕು. ರೋಡ್ ಹತ್ರ ಇರ್ಬೇಕು. ಫುಲ್ ಖಾಲಿ ಇರ್ಬೇಕು ಆಂಟಿ, ಗ್ರೀನ್ ಇದ್ರೆ ಸಿಸ್ಟಮ್ ರಿಜೆಕ್ಟ್ ಮಾಡತ್ತೆ. ಖಾಲಿ ಮಾಡ್ಸೋಕೆ ಜೆಸಿಬಿ ಬರುತ್ತಂತಲ್ಲ.”

“ಖಾಲಿ ಇದ್ದದ್ದ ತೋರಸ್ತೀನಿ ಬಾ. ಜೆಸಿಬಿ ಅಲ್ಲಿ ಎಂಟು ವರ್ಷ ಇದ್ದು ಹೋಗ್ಯದ.”

ಗುಡ್ಡವನ್ನು ಬಳಸಿ ಪಡುವಲ ಮಗ್ಗುಲಿಗೆ ಕರೆದೊಯ್ದಳು. ಈರಬಸಪ್ಪನವರ ಲಾರಿಗಳು ಮಾಡಿದ ರಸ್ತೆ ಇನ್ನೂ ಇತ್ತು. ಅದರ ಕೊನೆಯಲ್ಲಿ, ಹಲ್ಲುದುರಿದ ಬಾಯಿಯಂತೆ, ಮುರುಮು ಅಗೆದ ಕಣಿ. ನಲವತ್ತು ಅಡಿ ಕಡಿದ ಗೋಡೆ, ತಳದಲ್ಲಿ ಕರಿಬಂಡೆ. ಹುಲ್ಲುಕಡ್ಡಿ ಇಲ್ಲ, ಇರುವೆ ಇಲ್ಲ.

“ವಾವ್,” ಅಂದ ಪುನೀತ. ಇಂಥ ಬೋಳು ಅವನು ಎಲ್ಲೂ ನೋಡಿರಲಿಲ್ಲ. “ಇದು ಪರ್ಫೆಕ್ಟ್ ಆಂಟಿ. ಗೆರೆ, ಫೋಟೋ ಎರಡೂ ಇವತ್ತೇ ಮುಗ್ಸಿಬಿಡ್ಬಹುದು.” ಡ್ರೋನು ಹಾರಿಸಿದ. ಫೋನು ಹಿಡಿದು ಸುತ್ತಲೂ ನಡೆದ. ಕೊನೆಯ ಗುಂಡಿ ಒತ್ತುವ ಮೊದಲು, ಏನೋ ಹೊಳೆದವನಂತೆ ನಿಂತ.

“ಇಷ್ಟು ಮಣ್ಣು ಯಾರು ತೆಗ್ದಿದ್ದು?”

“ನಿಮ್ಮ ಅಧ್ಯಕ್ಷರನ್ನ ಕೇಳು. ಲಾರಿ ಅವರವ.”

ಪುನೀತನ ಹೆಬ್ಬೆರಳು ಗಾಳಿಯಲ್ಲೇ ಉಳಿಯಿತು. ಪಾರವ್ವ ಅವನನ್ನೇ ನೋಡಿದಳು. ಆ ಮುಖದಲ್ಲಿ ಏನೋ ಒಂದು ಎದ್ದು, ಕೂತು, ಮತ್ತೆ ಏಳಲು ನೋಡುತ್ತಿತ್ತು. ಅದು ಆತ್ಮಸಾಕ್ಷಿ ಇದ್ದರೂ ಇರಬಹುದೆಂದು ಅವಳು ಒಂದು ಗಳಿಗೆ ನಂಬಿದಳು. “ಒಮ್ಮೆ ಸಬ್ಮಿಟ್ ಮಾಡಿದ್ರೆ ಚೇಂಜ್ ಮಾಡಕ್ಕಾಗಲ್ಲ ಆಂಟಿ,” ಅಂದ ಅವನು. “ಸರ್‌ಗೆ ಒಂದು ಕಾಲ್ ಮಾಡ್ಲಾ?”

“ಮಾಡು. ಅವರು ಬರೂತನಾ ಇಲ್ಲೇ ಕಾಯೂಣು. ಸಂಜೀಕ ಬರ್ತಾರೇನೋ.”

ಪುನೀತ ಗಡಿಯಾರ ನೋಡಿದ. ಎರಡೂವರೆ. ಬಂಡೆಯ ಕಾವು ಬೂಟಿನ ಅಡಿ ಹೊಕ್ಕಿತ್ತು, ಬಾಟಲಿ ಖಾಲಿಯಾಗಿತ್ತು. ಅವನ ಊಟದ ಹೊತ್ತು ಮೀರಿತ್ತು. ಗುಂಡಿ ಒತ್ತಿದ.

ಸೋಮವಾರ ಜೆಸಿಬಿ ಬಂತು. ಅದನ್ನು ನಡೆಸುವವನ ಕೈಗೆ ಪ್ರತಿಷ್ಠಾನದವರು ನಕ್ಷೆ ಕೊಟ್ಟಿದ್ದರು, ಅವನು ನಕ್ಷೆ ಹೇಳಿದಲ್ಲಿಗೆ ಹೋದ. ಹೋಗಿ ಕಣಿಯ ನಡುವೆ ಯಂತ್ರ ನಿಲ್ಲಿಸಿ, ಕೆರೆಯಲು ಏನೂ ಸಿಗದೆ, ಬೀಡಿ ಹಚ್ಚಿದ. ಮಧ್ಯಾಹ್ನಕ್ಕೆ ಈರಬಸಪ್ಪ ಪಾರವ್ವನೆದುರು ನಿಂತು ಬೆವರುತ್ತಿದ್ದರು. ಹೊರದೇಶದ ಕಂಪ್ಯೂಟರು ಕಣಿಯನ್ನು ನೋಡಿ ಭಾಳ ಸಂತೋಷಪಟ್ಟಿತ್ತು; ಇಷ್ಟು ಹಾಳಾದ ನೆಲವನ್ನು ಆರಿಸಿಕೊಂಡ ನಿಮ್ಮ ಧೈರ್ಯ ದೊಡ್ಡದು ಎಂದು ಪತ್ರ ಬರೆದಿತ್ತು. ಈಗ ಜಾಗ ತಪ್ಪಾಗಿದೆ ಎಂದರೆ, ಈ ಹಾಳು ಯಾರು ಮಾಡಿದ್ದು ಎಂದು ಅದು ಕೇಳದೆ ಬಿಡುತ್ತಿರಲಿಲ್ಲ.

“ನಮ್ಮ ಕಡಿಯಾಕಿ ಅಂತ ನಂಬಿದ್ದೆ ನಿನ್ನ.”

“ಬೋಳು ತೋರಸು ಅಂದ್ರಿ, ತೋರಸಿದೆ. ಭಾಳ ಬೋಳು ಇದ್ದದ್ದು ನಿಮ್ಮದ ರೀ.”

“ಅಲ್ಲಿ ಗಿಡ ಹ್ಯಾಂಗ ಬದಕ್ತಾವ?”

“ಭೂಮಿತಾಯಿ ಸೇವಾ ಮಾಡ್ತೀರಲ್ಲ. ಆಕೀನ್ನ ಕೇಳ್ರಿ. ಆಕಿ ಚರ್ಮ ಸುಲದವ್ರು ಯಾರಂತ ಆಕಿಗೆ ನೆನಪಿರತದ.”

ಈರಬಸಪ್ಪ ಸುತ್ತ ನಿಂತ ಹದಿನೇಳು ಕುಡುಗೋಲುಗಳನ್ನು ನೋಡಿ ಕಾರು ಹತ್ತಿದರು.

ಜೂನ್ ಕೊನೆಯಲ್ಲಿ ಕಣಿಯಲ್ಲಿ ಶಾಮಿಯಾನ ಎದ್ದಿತು. ನದಿದಂಡೆಯ ಯಾವುದೋ ಹೊಲದ ಮೇಲ್ಮಣ್ಣು ಕೆರೆದು ತಂದು ಬಂಡೆಯ ಮೇಲೆ ಗೇಣುದ್ದ ಹಾಸಿದರು. ಒಂದು ನೆಲ ಉಳಿಸಲು ಇನ್ನೊಂದು ನೆಲ ಸುಲಿಯುವುದು ಇಂಥವರ ವಿದ್ಯೆ. ತಂಪು ಬಸ್ಸುಗಳಲ್ಲಿ ಎಲೆಯ ಚಿತ್ರದ ಅಂಗಿ ತೊಟ್ಟವರು ಬಂದು, ಸಸಿಗಳನ್ನು ಪ್ಲಾಸ್ಟಿಕ್ ಚೀಲ ಸಮೇತ ಹೂತು, ಹೂತದ್ದಕ್ಕೆ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಕಣಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದ ಪಾರವ್ವನಿಗೆ ಆ ಚೀಲಗಳ ಗುರುತು ಸಿಕ್ಕಿತು. ಇಪ್ಪತ್ತು ವರ್ಷ ತುಂಬಿದ ಕೈಯಲ್ಲವೇ. ಒಂದು ಸಲ ಕೆಳಗಿಳಿದು ಪುನೀತನಿಗೆ ಹೇಳಿಯೇ ಬಿಟ್ಟಳು, “ತಮ್ಮಾ, ನೀರು ಎಲ್ಲಿಂದ ಬರತದ, ಎಲ್ಲಿಗೆ ಹೋಗತದ, ಅಷ್ಟರ ನೋಡ್ರಿ. ಇದು ಬಟ್ಟಲ ಅದ.” ಅವನು ಮೈಕು ಸರಿಮಾಡುತ್ತಿದ್ದ. ಈರಬಸಪ್ಪನವರು ಅಪ್ಪನ ಹಮಾಲಿಯ ಪ್ರಸಂಗಕ್ಕೆ ಬಂದಿದ್ದರು, ಕರವಸ್ತ್ರ ಹೊರಬಂದಿತ್ತು.

ಎಂಟನೆಯ ದಿನ ಮಳೆ ಬಂತು. ಬಟ್ಟಲು ತುಂಬಿತು. ಹಾಸಿದ ಮಣ್ಣು ಕದಡಿ ತಳಕ್ಕೆ ಹೋಯಿತು, ಹತ್ತು ಸಾವಿರ ಸಸಿಗಳು ಚೀಲದ ಗಾಳಿಯಿಂದ ಮೇಲೆದ್ದು, ಬೇರು ಮೇಲಾಗಿ, ತಲೆ ಕೆಳಗಾಗಿ ತೇಲಿದವು. ಗುಡ್ಡದ ಮೂಡಲ ಬದಿಯಲ್ಲಿ ಹತ್ತೊಂಬತ್ತು ಒಡ್ಡುಗಳು ಒಂದೊಂದೇ ಗುಟುಕು ಕುಡಿದವು. ಕೊನೆಯ ಒಡ್ಡು ದಾಟಿ ಬಂದ ನೀರಿನಲ್ಲಿ ಕೃಷ್ಣಾಬಾಯಿ ಕಾಲು ಅದ್ದಿ ನೋಡಿದಳು. ಅವಳ ಕಾಲುಂಗುರ ಕಾಣುತ್ತಿತ್ತು.

ಸೆಪ್ಟೆಂಬರಿನಲ್ಲಿ ಬಿಳಿ ಕಾರು ಮತ್ತೆ ಬಂತು. ಹುಲ್ಲು ಕೊಯ್ಲಿನ ದಿನ. ಹೆಂಗಸರು ಸಾಲಾಗಿ ಬುಟ್ಟಿ ಹೊತ್ತು ಏರುತ್ತಿದ್ದರು, ಸಜ್ಜೆ ತೆನೆ ಕಟ್ಟಿತ್ತು, ಹೊಂಗೆಯ ನೆರಳು ದಟ್ಟವಾಗಿತ್ತು.

“ಆಗಿದ್ದು ಆಗಿಹೋತು ತಂಗಿ,” ಅಂದರು ಈರಬಸಪ್ಪ. ಮೈಮೇಲೆ ಗರಿಗರಿ ಬಿಳಿ ಅಂಗಿ. “ವರದಿ ಕಳಸಬೇಕು. ಆಮೇಲಿಂದು ಫೋಟೋ ಕೇಳ್ಯಾರ. ಇಲ್ಲಿ ನಿಂತು ನಾಕು ಫೋಟೋ ತಗೊಂಡು ಹೋಗ್ತೀನಿ. ಗುಡ್ಡ ಅದೇ ಅಲ್ಲ, ಯಾರಿಗೆ ತಿಳೀತದ.”

ಪಾರವ್ವನಿಗೆ ತಿಳಿಯಿತು. ಮಾರ್ಚ್‌ನಲ್ಲಿ ಬೋಳು ಫೋಟೋಗೆಂದು ಕೊಲ್ಲಲು ಹೊರಟಿದ್ದ ನೆಲವೇ ಈಗ ಹಸಿರು ಫೋಟೋಗೆ ಬೇಕು. ಇವತ್ತು ಫೋಟೋ ಹೋದರೆ ನಾಳೆ ಪ್ರತಿಷ್ಠಾನದ ಫಲಕ ಬರುತ್ತದೆ, ಫಲಕದ ಹಿಂದೆ ಬೇಲಿ, ಬೇಲಿಯ ಹೊರಗೆ ಹದಿನೇಳು ಹೆಂಗಸರು. ಇಲ್ಲ ಎಂದರೆ ಸರಪಂಚನನ್ನು ಕರೆತರುತ್ತಾರೆ.

“ತಗೊಳ್ರಿ,” ಅಂದಳು. “ಆದ್ರ ಇಲ್ಲಿ ಒಂದು ಪದ್ಧತಿ ಅದ. ಏನರ ಒಯ್ಯಾವ್ರು ಮೊದಲ ಒಂದು ಬುಟ್ಟಿ ಮಣ್ಣು ಮ್ಯಾಲ ಹೊರಬೇಕು. ಸರಪಂಚರ ಮನಿಯವ್ರೂ ಹೊತ್ತಾರ.”

ಈರಬಸಪ್ಪ ನಕ್ಕರು. “ರಿತೇಶ್, ಬುಟ್ಟಿ ಉಠಾ ಬಾಬಾ.”

“ಅಂವ ಏನ ಒಯ್ಯಾಕ ಬಂದಾನ್ರಿ? ಒಯ್ಯಾವ್ರ ಹೊರಬೇಕು. ನಿಮಗೇನು ಹೊಸದ, ಹಮಾಲರ ಮನಿತನ.”

ಸಾಲು ನಿಂತಿತ್ತು. ಬುಟ್ಟಿ ಹೊತ್ತ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಎಷ್ಟೋ ವೇದಿಕೆಯಲ್ಲಿ ಮಾರಿದ ಅಪ್ಪನ ಬೆನ್ನು ಈಗ ಎದುರಿಗೆ ಬಂದು ನಿಂತಿತ್ತು, ಅಲ್ಲ ಎನ್ನುವಂತಿರಲಿಲ್ಲ. ಕೃಷ್ಣಾಬಾಯಿ ತನ್ನ ಸಿಂಬೆಯನ್ನೇ ಬಿಚ್ಚಿ ಅವರ ತಲೆಗೆ ಇಟ್ಟಳು. ಇಬ್ಬರು ಸೇರಿ ಬುಟ್ಟಿ ಎತ್ತಿದರು. ಹಸಿ ಮಣ್ಣು, ಇಪ್ಪತ್ತು ಕಿಲೋ ಇದ್ದೀತು. ಬಸುರಿಯರೂ ಹೊರುತ್ತೇವೆಂದು ಜಗಳ ತೆಗೆದ ಭಾರ.

ಈರಬಸಪ್ಪ ನಡೆದರು. ಮೂರನೆಯ ಹೆಜ್ಜೆಗೆ ಕತ್ತು ನಡುಗಿತು. ಬುಟ್ಟಿಯ ಸಂದಿನಿಂದ ಕೆಸರು ಇಳಿದು ಕಿವಿಯ ಹಿಂದೆ, ಕಾಲರಿನ ಒಳಗೆ, ಎಲೆಯ ಬಿಲ್ಲೆಯ ಮೇಲೆ ಹರಿಯಿತು. ಹನ್ನೊಂದನೆಯ ಹೆಜ್ಜೆಗೆ ಅವರು ಬುಟ್ಟಿಯನ್ನು ಎತ್ತಿ ಒಗೆದರು. ಇಷ್ಟು ವರ್ಷದಲ್ಲಿ ಆ ಇಳಿಜಾರಿನ ಮೇಲೆ ಯಾರೂ ಬುಟ್ಟಿ ಒಗೆದಿರಲಿಲ್ಲ. ಯಾರೂ ನಗಲಿಲ್ಲ. ಹೆಂಗಸರು ಮುಖ ತಿರುಗಿಸಿ ಮತ್ತೆ ಏರತೊಡಗಿದರು, ಹಾದಿಯಲ್ಲಿ ಹೇಸಿಗೆ ಕಂಡವರ ಹಾಗೆ.

“ಸಾಕು ನಾಟಕ,” ಅಂದರು ಈರಬಸಪ್ಪ, ಉಸಿರು ಹಿಡಿಯುತ್ತ. “ರಿತೇಶ್, ಫೋಟೋ ತೆಗಿ.”

ರಿತೇಶ್ ಕೈಕಟ್ಟಿ ನಿಂತಿದ್ದ. “ಬುಟ್ಟಿ ಮೇಲೆ ಹೋಗಿಲ್ಲ ಸಾಹೇಬ್,” ಅಂದ ಮೆಲ್ಲಗೆ. “ನನ್ನ ಅವ್ವನೂ ಇಲ್ಲೇ ಹುಲ್ಲು ಕೊಯ್ಯುತ್ತಾಳೆ.”

ಅವರು ತಮ್ಮ ಫೋನು ತೆಗೆದು ಹೆಬ್ಬೆಟ್ಟು ಒತ್ತಿದರು. ಮಣ್ಣು ಮೆತ್ತಿದ ಹೆಬ್ಬೆಟ್ಟನ್ನು ಫೋನು ಗುರುತಿಸಲಿಲ್ಲ. ಅಂಗಿಗೆ ಒರೆಸಿ ಒತ್ತಿದರು, ಅಂಗಿಯೂ ಮಣ್ಣೇ. ಮುಖ ತೋರಿಸಿದರು. ಕೆಸರು ಬಳಿದ ಆ ಮುಖದ ಪರಿಚಯ ಫೋನಿಗೂ ಇರಲಿಲ್ಲ. ಗುಟ್ಟಿನ ಅಂಕಿ ಒತ್ತಿದರೆ ಕೆಸರು ಬೆರಳಿಗೆ ಗಾಜು ಓಗೊಡಲಿಲ್ಲ. ಸುತ್ತ ಯಾರಾದರೂ ಒಂದು ಚೊಂಬು ನೀರು ಕೊಟ್ಟಾರೆಂದು ನೋಡಿದರು. ಹೆಂಗಸರ ಬೆನ್ನುಗಳಷ್ಟೇ ಕಂಡವು, ಸಾಲಾಗಿ, ಮೇಲಕ್ಕೆ ಹೋಗುತ್ತಿದ್ದ ಬುಟ್ಟಿಗಳ ಕೆಳಗೆ. ಫೋಟೋ ಇಲ್ಲದೆ ಹೊರಟ ಅವರಿಗೆ ಕಾರಿನ ಬಿಳಿ ಸೀಟಿನ ಮೇಲೆ ಕೂರಲು ರಿತೇಶ್ ಹಳೆಯ ಪತ್ರಿಕೆ ಹಾಸಿಕೊಟ್ಟ.

ಕಾರಿನ ಸದ್ದು ಅಡಗಿದ ಮೇಲೆ ಪಾರವ್ವ ಕೂತು, ಚೆಲ್ಲಿದ ಮಣ್ಣನ್ನು ಎರಡೂ ಕೈಯಿಂದ ಬಳಿದು ಬುಟ್ಟಿಗೆ ತುಂಬತೊಡಗಿದಳು.

“ಬಿಡೇ ಅದನ್ನ,” ಅಂದಳು ಕೃಷ್ಣಾಬಾಯಿ, ಸಿಂಬೆ ಜಾಡಿಸುತ್ತ. “ಅವನು ಬಂದು ಹೊರಲಿ.”

“ಅವನು ಮುಟ್ಟಿದ ತಪ್ಪಿಗೆ ಮಣ್ಣನ್ನು ಕೆಳಗೆ ಬಿಡಲೇನು?” ಅಂದು ಪಾರವ್ವ ಬುಟ್ಟಿ ತಲೆಗೇರಿಸಿಕೊಂಡಳು. ನೆತ್ತಿಯ ಒಡ್ಡು ಇನ್ನೂ ನೂರೈವತ್ತು ಹೆಜ್ಜೆ ಮೇಲಿತ್ತು.